ಕಾಫಿ ದರ ಚೆನ್ನಾಗಿರುವಾಗಲೇ ತೋಟದ ಮಣ್ಣಿನ ಕಡೆ ನೋಡೋಣ ಅಲ್ವಾ?

ಹಾಲುವಾಣ (ಸುಂಟಿಕೊಪ್ಪ ಕಡೆ)

ಎಲ್ಲರಿಗೂ ನಮಸ್ಕಾರ. ಕೊಡಗಿನಲ್ಲಿ ನಮ್ಮದು ಸಣ್ಣ ತೋಟ. ರೋಬಸ್ಟಾ ಕಾಫಿ, ಮರಗಳ ಮೇಲೆ ಮೆಣಸು, ಕೆಳಗೆ ಸ್ವಲ್ಪ ಗದ್ದೆ. ಒಂದು ವಿಷಯ ನಿಮ್ಮೆಲ್ಲರ ಮುಂದೆ ಇಡಬೇಕು ಅಂತ ತುಂಬಾ ದಿನದಿಂದ ಅಂದುಕೊಳ್ಳುತ್ತಿದ್ದೆ.

2023ರಿಂದ ರೋಬಸ್ಟಾ ದರ ಏರುತ್ತಾ ಬಂತು. 2024ರಲ್ಲಿ ನಮ್ಮ ಹಿರಿಯರು ಯಾರೂ ಕಾಣದಂಥ ದರ ಸಿಕ್ಕಿತು. ಎಷ್ಟೋ ಮನೆಗಳ ಸಾಲ ತೀರಿತು. ಸಂತೋಷವೇ. ಆದರೆ ಉಳಿದ ದುಡ್ಡು ತೋಟದೊಳಗೆ ಏನು ಮಾಡುತ್ತಿದೆ ಅಂತ ನೋಡಿದರೆ ಹೆದರಿಕೆ ಆಗುತ್ತದೆ. ಮರಗಸಿ (ನೆರಳಿನ ಮರದ ಕೊಂಬೆ ಸವರುವುದು) ಅನ್ನುವ ಹೆಸರಿನಲ್ಲಿ ಅತ್ತಿ, ಬಸರಿ, ಗೋಣಿ ಮರಗಳನ್ನು ಬುಡದವರೆಗೂ ಬೋಳು ಮಾಡುತ್ತಿದ್ದಾರೆ. ಆ ಜಾಗಕ್ಕೆ ಸಿಲ್ವರ್ ಓಕ್ ಬರುತ್ತಿದೆ. ಬಿಸಿಲು ಜಾಸ್ತಿ ಬಿದ್ದ ಕಡೆ ಕಳೆಯೂ ಜಾಸ್ತಿ. ಅದಕ್ಕೆ ಕಳೆನಾಶಕ. ಕಳೆ ಸತ್ತ ಮೇಲೆ ಉಳಿಯುವುದು ಬರೀ ಮಣ್ಣು. ಜುಲೈ ಮಳೆಗೆ ಆ ಮಣ್ಣು ತೋಡು (ಸಣ್ಣ ಹಳ್ಳ) ಸೇರುತ್ತದೆ. ಹೋದ ಸಾರಕ್ಕೆ ಮತ್ತೆ ಗೊಬ್ಬರದ ಚೀಲ ತರಬೇಕು.

ನಾಳೆಯಿಂದ ಎಲ್ಲರೂ ಪೂರ್ತಿ ಸಾವಯವ ಆಗಿ ಅಂತ ನಾನು ಹೇಳುತ್ತಿಲ್ಲ. ಅದು ಆಗದ ಮಾತು. ಆದರೆ ದರ ಬಿದ್ದ ವರ್ಷ ಹೊಸದನ್ನು ಮಾಡಿ ನೋಡುವ ಧೈರ್ಯ ಯಾರಿಗೂ ಇರುವುದಿಲ್ಲ. ಫಸಲು ಸ್ವಲ್ಪ ಕಡಿಮೆ ಆದರೂ ತಡೆದುಕೊಳ್ಳಬಹುದಾದ ಕಾಲ ಇದು. ಬದಲಾಗುವುದಾದರೆ ಈಗಲೇ ಬದಲಾಗಬೇಕು. ಮೊದಲು ಕಳೆನಾಶಕ ಬಿಡೋಣ. ಆಮೇಲೆ ನೆರಳು ವಾಪಸ್ ತರೋಣ. ಮಣ್ಣು ಪರೀಕ್ಷೆ ನೋಡಿಕೊಂಡು ರಾಸಾಯನಿಕ ಗೊಬ್ಬರವನ್ನು ನಿಧಾನಕ್ಕೆ ಇಳಿಸೋಣ. ಈ ದಾರಿ ಸರಿ ಇದೆಯಾ? ನಿಮ್ಮ ಕಡೆ ಹೇಗಿದೆ? ಹೇಳಿ.

ಶಾಂತಳ್ಳಿ ಬೆಳೆಗಾರ

ಅಕ್ಕ, ನಿಮ್ಮ ಕಾಳಜಿ ಅರ್ಥ ಆಗುತ್ತದೆ. ಆದರೆ ಆಳು ಎಲ್ಲಿದ್ದಾರೆ ಹೇಳಿ? ಕಳೆ ಕೊಚ್ಚಲು ಜನ ಸಿಗದೇ ಇರುವುದಕ್ಕೇ ಕಳೆನಾಶಕ ಬಂದಿದ್ದು. ಯಾರೂ ಇಷ್ಟಪಟ್ಟು ಹೊಡೆಯುವುದಿಲ್ಲ.

ನಮ್ಮದು ಅರೇಬಿಕಾ. ಎಲೆ ತುಕ್ಕು, ಕೊಳೆ ರೋಗ, ಬಿಳಿ ಕಾಂಡಕೊರಕ, ಎಲ್ಲ ನಮ್ಮ ಪಾಲಿಗೇ. ಕಾಂಡಕೊರಕ ಬಂದ ಗಿಡ ಕಿತ್ತು ಸುಡುವುದು ಬಿಟ್ಟು ಬೇರೆ ದಾರಿ ಇಲ್ಲ. ಹತ್ತು ವರ್ಷದ ಗಿಡ ಕಿತ್ತಾಗ ಆಗುವ ಸಂಕಟ ರೋಬಸ್ಟಾದವರಿಗೆ ಗೊತ್ತಾಗುವುದಿಲ್ಲ. ಔಷಧಿ ಬಿಟ್ಟು ಕೂತರೆ ತೋಟವೇ ಉಳಿಯುವುದಿಲ್ಲ.

ಹಾಲುವಾಣ

ಅಣ್ಣ, ಆಳಿನ ಮಾತು ನಿಜ. ಅದಕ್ಕೆ ಆಮೇಲೆ ಬರುತ್ತೇನೆ. ಕಾಂಡಕೊರಕದ ಬಗ್ಗೆ ಮಾತ್ರ ಈಗಲೇ ಒಂದು ಮಾತು. ಆ ದುಂಬಿಗೆ ಬಿಸಿಲು ಬೀಳುವ ಕಾಂಡವೇ ಬೇಕು. ಏಪ್ರಿಲ್-ಮೇ ಒಂದು ಸಲ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಂದು ಸಲ ಅದು ಹಾರುತ್ತದೆ. ಆ ಹೊತ್ತಿಗೆ ತೋಟ ಬಯಲಾಗಿದ್ದರೆ ಮೊಟ್ಟೆ ಇಡಲು ಅನುಕೂಲ. ಅರೇಬಿಕಾಕ್ಕೆ ಒಳ್ಳೆಯ ನೆರಳು ಇರಲಿ ಅಂತ ಕಾಫಿ ಬೋರ್ಡ್‌ನವರು ಹೇಳುತ್ತಾ ಬಂದಿರುವುದು ಇದಕ್ಕೇ. ತೊಗಟೆ ಉಜ್ಜುವುದು, ಕಾಂಡಕ್ಕೆ ಸುಣ್ಣದ ನೀರು ಹೊಡೆಯುವುದು, ಇವೂ ವಿಷ ಇಲ್ಲದ ಕೆಲಸಗಳೇ.

ತುಕ್ಕಿಗೆ ಬೋರ್ಡೋ ಬೇಕೇ ಬೇಕು, ಒಪ್ಪುತ್ತೇನೆ. ಮೈಲುತುತ್ತು, ಸುಣ್ಣದ ಆ ದ್ರಾವಣಕ್ಕೆ ಸಾವಯವ ನಿಯಮದಲ್ಲೂ ಮಿತಿಯೊಳಗೆ ಅವಕಾಶ ಇದೆ. ಹಾಗಾಗಿ ಏನೂ ಹೊಡೆಯಬೇಡಿ ಅನ್ನುವ ಮಾತು ನನ್ನದಲ್ಲ.

ಲೈನ್ ಮನೆ ಮಗಳು

ಇಲ್ಲಿ ಎಲ್ಲರೂ ಬೆಳೆಗಾರರೇ ಮಾತಾಡುತ್ತಿದ್ದೀರಿ. ನಾನು ತೋಟದ ಕೆಲಸಗಾರರ ಮನೆಯಲ್ಲಿ ಬೆಳೆದವಳು. ನಮ್ಮ ಅಮ್ಮ ಎಷ್ಟೋ ವರ್ಷ ಒಂದು ಎಸ್ಟೇಟಿನಲ್ಲಿ ಕೆಲಸ ಮಾಡಿದರು. ಬೆನ್ನಿಗೆ ಪಂಪ್ ಕಟ್ಟಿಕೊಂಡು ಅಪ್ಪ ಔಷಧಿ ಹೊಡೆದರೆ, ಡ್ರಮ್ಮಿಗೆ ನೀರು ತುಂಬಿ ಕಲಸಿ ಕೊಡುವುದು ಅಮ್ಮ. ಕೈಗೆ ಗ್ಲೌಸ್ ಇಲ್ಲ, ಮುಖಕ್ಕೆ ಒಂದು ಬಟ್ಟೆ. ಕಲಸುವುದು ತೋಡಿನ ಪಕ್ಕ, ಯಾಕೆಂದರೆ ನೀರು ಅಲ್ಲೇ ಸಿಗುತ್ತದೆ. ಕೆಳಗಡೆ ನಾವು ಮಕ್ಕಳು ಅದೇ ನೀರಿನಲ್ಲಿ ಬಟ್ಟೆ ಒಗೆಯುತ್ತಿದ್ದೆವು. ಆ ರಾತ್ರಿ ಅಮ್ಮನಿಗೆ ತಲೆನೋವು, ವಾಂತಿ. ಮರುದಿನ ಮತ್ತೆ ಕೆಲಸ.

2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ನಿಲ್ಲಿಸಿತು. ಅದಕ್ಕೂ ಮೊದಲು ಕಾಫಿ ಕಾಯಿಕೊರಕಕ್ಕೆ ಅದನ್ನು ಹೊಡೆಯುತ್ತಿದ್ದದ್ದು ಎಲ್ಲರಿಗೂ ಗೊತ್ತು. 2022ರಲ್ಲಿ ಕೇಂದ್ರ ಸರ್ಕಾರ ಗ್ಲೈಫೋಸೇಟ್ ಯಾರು ಬೇಕಾದರೂ ಹೊಡೆಯುವಂತಿಲ್ಲ, ಪರವಾನಗಿ ಇರುವ ಕೀಟ ನಿಯಂತ್ರಣದವರು ಮಾತ್ರ ಬಳಸಬೇಕು ಅಂತ ಆದೇಶ ಮಾಡಿತು. ತೋಟಗಳಲ್ಲಿ ಈಗಲೂ ಯಾರ ಬೆನ್ನಿನ ಮೇಲೆ ಆ ಪಂಪ್ ಇದೆ ಅಂತ ಒಮ್ಮೆ ನೋಡಿ.

ಮಣ್ಣು, ನೀರು, ಜೇನು ಅಂತ ಮಾತಾಡುವಾಗ ಕೆಲಸ ಮಾಡುವವರ ಮೈಯನ್ನೂ ಸೇರಿಸಿ. ಆಳು ಸಿಗುವುದಿಲ್ಲ ಅನ್ನುತ್ತೀರಿ. ವಿಷ ಹೊಡೆಯುವ ಕೆಲಸ ಬೇಡ ಅಂತಲೇ ಎಷ್ಟೋ ಹುಡುಗರು ಮೈಸೂರು, ಬೆಂಗಳೂರು ಕಡೆ ಹೋಗಿದ್ದಾರೆ.

ಹಾಲುವಾಣ

ತಂಗಿ, ಈ ಮಾತು ನಾನು ಮೊದಲೇ ಬರೆಯಬೇಕಿತ್ತು. ಕಳೆನಾಶಕ ಮೊದಲು ಬಿಡೋಣ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇರೆ ಇಲ್ಲ.

ಶಾಂತಳ್ಳಿ ಬೆಳೆಗಾರ

ತೋಡಿನ ಪಕ್ಕ ಕಲಸುವುದು ತಪ್ಪು. ಅದಕ್ಕೆ ಎರಡು ಮಾತಿಲ್ಲ. ಗ್ಲೌಸ್, ಮಾಸ್ಕ್ ಕೊಡದೆ ಕೆಲಸಕ್ಕೆ ಇಳಿಸುವುದೂ ತಪ್ಪು. ನಾನು ಕೇಳುತ್ತಿರುವುದು ಒಂದೇ: ಕಳೆನಾಶಕದ ಬದಲು ಏನು?

ಫಾರೆಸ್ಟ್ರಿ ವಿದ್ಯಾರ್ಥಿ (ಪೊನ್ನಂಪೇಟೆ)

ಸರ್, ನಾನು ನೋಡಿದ ಮಟ್ಟಿಗೆ ಉತ್ತರ ಎರಡು ಕಡೆ ಇದೆ.

ಒಂದು, ವೀಡ್ ಕಟ್ಟರ್. ಕಳೆಯನ್ನು ಬೇರು ಸಮೇತ ತೆಗೆಯುವ ಅಗತ್ಯ ಇಲ್ಲ. ಮಳೆಗಾಲದಲ್ಲಂತೂ ಬೇರು ಮಣ್ಣಲ್ಲೇ ಇರಬೇಕು. ಮೇಲೆ ಮಾತ್ರ ಕತ್ತರಿಸಿ ಅಲ್ಲೇ ಹರಡಿದರೆ ಅದೇ ಮುಚ್ಚಿಗೆ. ಸಣ್ಣ ಬೆಳೆಗಾರರು ಒಬ್ಬೊಬ್ಬರೇ ಮೆಷಿನ್ ತೆಗೆದುಕೊಳ್ಳುವುದಕ್ಕಿಂತ ನಾಲ್ಕೈದು ಮನೆ ಸೇರಿ ತೆಗೆದುಕೊಂಡು, ಅದನ್ನು ಓಡಿಸುವ ಹುಡುಗನಿಗೆ ಒಳ್ಳೆಯ ಕೂಲಿ ಕೊಟ್ಟರೆ ಕೆಲಸ ನಡೆಯುತ್ತದೆ. ಎರಡನೆಯದು ನೆರಳೇ. ನೆರಳು ಹದವಾಗಿದ್ದು ಎಲೆ ದಪ್ಪಕ್ಕೆ ಬಿದ್ದಿದ್ದರೆ ಕಳೆ ತಾನಾಗಿಯೇ ಕಡಿಮೆ. ಹೊಸ ಗಿಡ ನೆಟ್ಟ ಮೊದಲ ಎರಡು-ಮೂರು ವರ್ಷ ಮಾತ್ರ ಕಷ್ಟ.

ಇನ್ನು ಗೊಬ್ಬರದ ಲೆಕ್ಕ. ಸುಮ್ನೆ ಕೊಟ್ಟಿಗೆ ಗೊಬ್ಬರ ಹಾಕಿದರೆ ಸಾಕು ಅನ್ನುವವರಿಗೂ, ಅದರಿಂದ ಏನೂ ಆಗದು ಅನ್ನುವವರಿಗೂ ಈ ಲೆಕ್ಕ ಬೇಕು. ಒಂದು ಟನ್ ರೋಬಸ್ಟಾ ಬೀಜ ತೋಟದಿಂದ ಹೊರಗೆ ಹೋದರೆ, ಹಣ್ಣಿನ ಜೊತೆ ಸುಮಾರು 35 ಕೆಜಿ ಸಾರಜನಕ ಹೋಗುತ್ತದೆ. ಪೊಟ್ಯಾಷ್ ಕೂಡ ಹೆಚ್ಚುಕಡಿಮೆ ಅಷ್ಟೇ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಅರ್ಧ ಪರ್ಸೆಂಟ್ ಆಸುಪಾಸು. ಅಂದರೆ 35 ಕೆಜಿ ವಾಪಸ್ ಕೊಡಲು ಏಳು ಟನ್ ಗೊಬ್ಬರ ಬೇಕು. ಕೊಡಗಿನಲ್ಲಿ ಈಗ ದನ ಸಾಕುವ ಮನೆಗಳೇ ಕಡಿಮೆ. ಹುಣಸೂರು, ಪಿರಿಯಾಪಟ್ಟಣ ಕಡೆಯಿಂದ ಲಾರಿಯಲ್ಲಿ ತರಿಸಬೇಕು. ಖರ್ಚು ಜಾಸ್ತಿ. ಎಲ್ಲರೂ ತರಿಸಲು ಶುರು ಮಾಡಿದರೆ ಬಯಲು ಸೀಮೆಯ ಹೊಲಗಳಿಗೆ ಏನು ಉಳಿಯುತ್ತದೆ?

ಆದ್ದರಿಂದ ಸಾರ ತೋಟದೊಳಗಿಂದಲೇ ಬರಬೇಕು. ಹಾಲುವಾಣದ ಮರ, ಗ್ಲಿರಿಸಿಡಿಯಾ ಥರದವು ಗಾಳಿಯ ಸಾರಜನಕವನ್ನು ಬೇರಿನಲ್ಲಿ ಹಿಡಿಯುತ್ತವೆ. ಮರಗಸಿ ಮಾಡಿದಾಗ ಬಿದ್ದ ಸೊಪ್ಪು ಬೇಗ ಕೊಳೆಯುತ್ತದೆ. ಸಿಲ್ವರ್ ಓಕ್ ಎಲೆ ಅಷ್ಟು ಬೇಗ ಕೊಳೆಯುವುದಿಲ್ಲ. ಮತ್ತೆ, ಚೆರ್ರಿ (ಕಾಫಿ ಹಣ್ಣು) ಸಿಪ್ಪೆ. ಒಣ ಚೆರ್ರಿಯ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಸಿಪ್ಪೆಯೇ. ಅದರಲ್ಲಿ ಪೊಟ್ಯಾಷ್ ಚೆನ್ನಾಗಿದೆ. ನಾವು ಚೆರ್ರಿ ಮಾರಿದಾಗ ಆ ಸಿಪ್ಪೆಯೂ ಬೀಜ ಬಿಡಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಹೋಗುತ್ತದೆ. ವಾಪಸ್ ತಂದು ಸಗಣಿ ಜೊತೆ ಕೊಳೆಸಿ ಹಾಕಿದರೆ ಕೊಳ್ಳುವ ಪೊಟ್ಯಾಷ್ ಅಷ್ಟು ಇಳಿಯುತ್ತದೆ.

ಸಿದ್ದಾಪುರದಿಂದ

ಮರ, ನೆರಳು ಅಂತ ಎಲ್ಲರೂ ಹೇಳುತ್ತೀರಿ. ಮಾಲ್ದಾರೆ, ಚೆನ್ನಯ್ಯನಕೋಟೆ ಕಡೆ ಬಂದು ನೋಡಿ. ಹಲಸು ಇದ್ದರೆ ಆನೆ ಬರುತ್ತದೆ. ನೀರಿನ ಕೆರೆ ಇದ್ದರೆ ಆನೆ ಬರುತ್ತದೆ. ಈಗ ಕಾಫಿ ಹಣ್ಣು ತಿನ್ನುವುದನ್ನೂ ಕಲಿತಿವೆ. ಬೆಳಿಗ್ಗೆ ಕೆಲಸಕ್ಕೆ ಹೋದವರು ಸಂಜೆ ಮನೆಗೆ ಬರುತ್ತಾರೆ ಅನ್ನುವ ಧೈರ್ಯ ನಮಗಿಲ್ಲ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಸಿಲ್ವರ್ ಓಕ್ ಯಾಕೆ ನೆಡುತ್ತಾರೆ ಅಂದರೆ, ಅದನ್ನು ಕಡಿಯಲು ಅನುಮತಿ ಬೇಡ. ಮಗಳ ಮದುವೆಗೆ, ಆಸ್ಪತ್ರೆ ಖರ್ಚಿಗೆ ಮಾರಬಹುದು. ನಾನೇ ಕೈಯಾರೆ ನೆಟ್ಟು ಬೆಳೆಸಿದ ಹೊನ್ನೆ, ನಂದಿ ಕಡಿಯಬೇಕಾದರೆ ಕಚೇರಿ ಅಲೆಯಬೇಕು. ಜಾಗ ರಿಡೀಮ್ ಆಗದೇ ಇದ್ದರೆ (ಅಂದರೆ ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದೇ ಇದ್ದರೆ) ಮರದ ಮೇಲೆ ನನಗೆ ಹಕ್ಕೇ ಇಲ್ಲ. ಹೀಗಿರುವಾಗ ಕಾಡುಮರ ನೆಡಿ ಅಂದರೆ ಯಾರು ನೆಡುತ್ತಾರೆ?

ಹಾಲುವಾಣ

ಅಣ್ಣ, ಮರದ ಹಕ್ಕಿನ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನ ಬಳಿ ಎದುರು ಮಾತಿಲ್ಲ. ಜನ ನೆಟ್ಟ ಮರಕ್ಕೆ ಜನರೇ ವಾರಸುದಾರರು ಅಂತ ಆಗುವವರೆಗೆ ಕೊಡಗಿನ ತೋಟಗಳಲ್ಲಿ ಕಾಡುಮರ ಕಡಿಮೆ ಆಗುತ್ತಲೇ ಹೋಗುತ್ತದೆ. ಬೆಳೆಗಾರರ ಸಂಘಗಳು ದರ, ಸಬ್ಸಿಡಿ ಬಗ್ಗೆ ಎತ್ತುವ ದನಿಯ ಅರ್ಧವನ್ನಾದರೂ ಇದಕ್ಕೆ ಎತ್ತಬೇಕು.

ಆದರೂ ಒಂದು ಕೆಲಸ ನಮ್ಮ ಕೈಯಲ್ಲಿದೆ. ಹಾಲುವಾಣವನ್ನು ಮರದ ವ್ಯಾಪಾರಕ್ಕೆ ಯಾರೂ ನೆಡುವುದಿಲ್ಲ. ಅದು ಸೊಪ್ಪಿಗೆ, ಮೆಣಸಿನ ಬಳ್ಳಿಗೆ, ನೆರಳಿಗೆ. ಅಲ್ಲಿ ಹಕ್ಕಿನ ತಕರಾರೇ ಬರುವುದಿಲ್ಲ. ಇರುವ ದೊಡ್ಡ ಮರ ಉಳಿಸಿಕೊಂಡು, ನಡುವೆ ಇದನ್ನು ಹಾಕುವುದು. ಇನ್ನು ಹಲಸು. ಆನೆ ಇರುವ ಕಡೆ ಎಳೆಕಾಯಿ ಇರುವಾಗಲೇ ಕಿತ್ತು ಮಾರುವವರಿದ್ದಾರೆ. ಹಣ್ಣಿನ ವಾಸನೆ ಬರದಂತೆ ನೋಡಿಕೊಂಡರೆ ಮನೆ ಹತ್ತಿರದ ಭಯ ಸ್ವಲ್ಪ ಕಡಿಮೆ. ಆನೆಯ ಸಮಸ್ಯೆ ಇದರಿಂದ ತೀರುತ್ತದೆ ಅಂತ ನಾನು ಹೇಳುವುದಿಲ್ಲ.

ತುಡುವೆ (ಭಾಗಮಂಡಲ)

ಹಾಲುವಾಣಕ್ಕೆ ಗಂಟು ಕಣಜ ಬಂದು ಎಷ್ಟೋ ತೋಟಗಳಲ್ಲಿ ಮರಗಳು ಒಣಗಿದ್ದು ಮರೆಯಬೇಡಿ. ಒಂದೇ ಜಾತಿಯನ್ನು ನಂಬಬಾರದು. ನಾಲ್ಕು ಥರ ಇರಲಿ.

ನಾನು ಜೇನು ಸಾಕುವವನು. ರೋಬಸ್ಟಾ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ ಪರಾಗ ಬರಬೇಕು. ಗಾಳಿ ಸ್ವಲ್ಪ ತರುತ್ತದೆ. ಉಳಿದದ್ದು ಹೆಜ್ಜೇನು, ತುಡುವೆ, ಕೋಲುಜೇನು. ಹೂ ಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಂದು ಒಂದು ವಾರ ಕಳೆದರೆ ತೋಟವೆಲ್ಲ ಬೆಳ್ಳಗೆ. ಆದರೆ ಆ ಹೂವು ಇರುವುದು ಎರಡು-ಮೂರು ದಿನ. ಉಳಿದ ಹನ್ನೊಂದು ತಿಂಗಳು ಜೇನು ಏನು ತಿನ್ನಬೇಕು? ಕಾಡುಮರಗಳ ಹೂವು ಬೇಕು, ಗದ್ದೆ ಬದುವಿನ ಹೂವು ಬೇಕು. ನೀವು ಕಳೆ ಅಂತ ಸಾಯಿಸುವ ಗಿಡಗಳ ಹೂವೂ ಬೇಕು. ಹೆಜ್ಜೇನು ಗೂಡು ಕಟ್ಟಲು ಎತ್ತರದ ದೊಡ್ಡ ಮರ ಬೇಕು. ಸಪೂರ ಸಿಲ್ವರ್ ಓಕ್ ಅದಕ್ಕೆ ಆಗುವುದಿಲ್ಲ.

1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದಲ್ಲೆಲ್ಲ ತುಡುವೆ ಪೆಟ್ಟಿಗೆಗಳು ಖಾಲಿ ಆದವು. ಕೊಡಗಿನ ಜೇನು ಅಂದರೆ ಎಲ್ಲ ಕಡೆ ಹೆಸರು. ಆ ಹೆಸರು ಉಳಿದಿದೆ, ಪೆಟ್ಟಿಗೆಗಳು ಮೊದಲಿನಷ್ಟಿಲ್ಲ. ನನ್ನ ಬೇಡಿಕೆ ಒಂದೇ. ಹೂವಿನ ದಿನಗಳಲ್ಲಿ ಯಾವ ಕೀಟನಾಶಕವನ್ನೂ ಹೊಡೆಯಬೇಡಿ. ಪಕ್ಕದ ತೋಟದವರಿಗೂ ಹೇಳಿ.

ಗದ್ದೆಮನೆ (ಪೊನ್ನಂಪೇಟೆ ಕಡೆ)

ಎಲ್ಲರೂ ತೋಟದ ಬಗ್ಗೆಯೇ ಬರೆದಿದ್ದೀರಿ. ಗದ್ದೆ ಬಿಟ್ಟು ಕೊಡಗಿನ ಕೃಷಿ ಸರಿ ಮಾಡಲು ಆಗುತ್ತದಾ?

ನಮ್ಮ ಹಿರಿಯರ ಲೆಕ್ಕದಲ್ಲಿ ಬಾಣೆ (ಗದ್ದೆಗೆ ಸೇರಿದ ಮರ, ಹುಲ್ಲಿನ ಜಾಗ) ಇದ್ದದ್ದು ಗದ್ದೆಗಾಗಿ. ಬಾಣೆಯಿಂದ ಸೊಪ್ಪು, ಸೌದೆ, ದನಕ್ಕೆ ಮೇವು. ಆ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಗದ್ದೆಗೆ. ಈಗ ಬಾಣೆಯೆಲ್ಲ ಕಾಫಿ. ದನ ಇಲ್ಲ. ಗದ್ದೆ ಪಾಳು. ಪಾಳು ಬಿದ್ದ ಗದ್ದೆಯನ್ನು ಶುಂಠಿಗೆ ಗುತ್ತಿಗೆ ಕೊಡುತ್ತಾರೆ. ಗದ್ದೆಯ ಸ್ವಭಾವ ನೀರು ನಿಲ್ಲಿಸುವುದು. ಶುಂಠಿಗೆ ನೀರು ನಿಂತರೆ ಆಗದು. ಬದು ಒಡೆದು, ಪಟ್ಟೆ ಏರಿಸಿ, ಆಳವಾದ ಕಾಲುವೆ ತೆಗೆದು ಮಳೆ ನೀರನ್ನು ಹೊಳೆಗೆ ಓಡಿಸುತ್ತಾರೆ. ಕೊಳೆ ಬಂದರೆ ಔಷಧಿ ಸುರಿಯುತ್ತಾರೆ. ಒಂದು ಬೆಳೆ ತೆಗೆದು ಬೇರೆ ಗದ್ದೆ ಹುಡುಕುತ್ತಾರೆ. ಏಡಿ, ಮೀನು, ಕಪ್ಪೆ ಎಲ್ಲ ಹೋದವು.

ಜುಲೈನಿಂದ ಹುತ್ತರಿ ಸುಗ್ಗಿ ಹಬ್ಬದವರೆಗೆ ಒಂದು ಬಯಲು ಗದ್ದೆಯಲ್ಲಿ ನಿಲ್ಲುವ ನೀರು ಮೆಲ್ಲಗೆ ಇಳಿದು ಕೆಳಗಿನ ಬಾವಿ, ತೋಡುಗಳಿಗೆ ಬರುತ್ತದೆ. ಗದ್ದೆ ಪಾಳು ಬಿಟ್ಟು, ಮೇಲೆ ತೋಟದಲ್ಲಿ ಬೋರ್‌ವೆಲ್ ಕೊರೆಸಿ, ಮಾರ್ಚ್‌ನಲ್ಲಿ ನೀರಿಲ್ಲ ಅಂತ ಅಳುವುದು ನ್ಯಾಯವಾ? ಕಾವೇರಿ ಹುಟ್ಟುವ ಜಿಲ್ಲೆ ನಮ್ಮದು. ಇಲ್ಲಿಂದ ಹೋದ ನೀರನ್ನು ಬೆಂಗಳೂರು ಕುಡಿಯುತ್ತದೆ.

ಆದರೆ ಭತ್ತ ಬೆಳೆದವನಿಗೆ ಏನು ಸಿಗುತ್ತದೆ? 2025-26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369 ರೂಪಾಯಿ. ನಾಟಿ, ಕೊಯ್ಲಿನ ಕೂಲಿ ಕಳೆದರೆ ಕೈಗೆ ಬರುವುದು ಅಷ್ಟಕ್ಕಷ್ಟೇ. ಇದರ ಮೇಲೆ ಹಂದಿ, ಆನೆ. ನಾವು ಇನ್ನೂ ಮಾಡುತ್ತಿರುವುದು ಹುತ್ತರಿಗೆ ನಮ್ಮದೇ ಕದಿರು ಇರಬೇಕು ಅನ್ನುವ ಹಠಕ್ಕೆ. ನೀರು ಹಿಡಿದು ಕೊಡುವ ಗದ್ದೆಗೆ ಏಕರೆ ಲೆಕ್ಕದಲ್ಲಿ ಸರ್ಕಾರ ದುಡ್ಡು ಕೊಡಬೇಕು ಅಂತ ನನ್ನ ಅಭಿಪ್ರಾಯ. ನೀರು ಕುಡಿಯುವ ಊರುಗಳಿಗೂ ಅದರಲ್ಲಿ ಪಾಲು ಇರಬೇಕು.

ಮಕ್ಕಂದೂರು

ಗದ್ದೆಮನೆಯವರ ಮಾತಿಗೆ ಸೇರಿಸುತ್ತೇನೆ. 2018ರ ಆಗಸ್ಟ್‌ನಲ್ಲಿ ನಮ್ಮ ಕಡೆ ಗುಡ್ಡ ಜಾರಿ ಏನಾಯಿತು ಅಂತ ಬಿಡಿಸಿ ಹೇಳಬೇಕಿಲ್ಲ. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ.

ಮರ ಇದ್ದರೆ ಬರೆ (ಗುಡ್ಡದ ಇಳಿಜಾರು) ಜಾರುವುದೇ ಇಲ್ಲ ಅನ್ನುವುದು ಸುಳ್ಳು. ಒಳ್ಳೆಯ ನೆರಳಿದ್ದ ತೋಟಗಳೂ ಆ ವರ್ಷ ಜಾರಿದವು. ಮಳೆಯೇ ಹಾಗಿತ್ತು. ಆದರೆ ಜೆಸಿಬಿಯಲ್ಲಿ ಬರೆಯ ಬುಡ ಕಡಿದು ರಸ್ತೆ, ಮನೆ ಮಾಡಿದ ಕಡೆ ಜಾಸ್ತಿ ಹಾನಿ ಆಯಿತು. ಭೂವಿಜ್ಞಾನದವರು ಬಂದು ನೋಡಿ ಹೇಳಿದ್ದೂ ಅದನ್ನೇ.

ಮುಖ್ಯವಾಗಿ ಹೇಳಬೇಕಾದದ್ದು ಇಂಗುಗುಂಡಿ ಬಗ್ಗೆ. ನೀರು ಇಂಗಿಸಿ ಅಂತ ಎಲ್ಲ ಕಡೆ ಒಂದೇ ಸಲಹೆ ಕೊಡಬೇಡಿ. ಕುಶಾಲನಗರದ ಕಡೆ ಮಳೆ ಕಡಿಮೆ, ಜಾಗ ಸಮ. ಅಲ್ಲಿ ಗುಂಡಿ ತೆಗೆದರೆ ಒಳ್ಳೆಯದು. ನಮ್ಮಂಥ ಕಡಿದಾದ ಬರೆಯಲ್ಲಿ ಆಳದ ಗುಂಡಿ ತೆಗೆದು ಆಗಸ್ಟ್ ಮಳೆ ನಿಲ್ಲಿಸಿದರೆ ಮಣ್ಣು ನೆನೆದು ಭಾರ ಆಗಿ ಇನ್ನಷ್ಟು ಅಪಾಯ. ನಮಗೆ ಬೇಕಾದದ್ದು ನೀರು ಕೊರೆಯದೆ ಇಳಿದು ಹೋಗುವ ದಾರಿ, ಕೊಲ್ಲಿಯ (ಬೆಟ್ಟದ ಹಳ್ಳದ) ಎರಡೂ ಬದಿಯಲ್ಲಿ ಯಾರೂ ಕೈ ಹಾಕದ ಕಾಡು, ನೆಲದ ಮೇಲೆ ಹುಲ್ಲು. ತೊಟ್ಟಿಲು ಗುಂಡಿ (ಗಿಡಗಳ ನಡುವೆ ನೀರು ಹಿಡಿಯುವ ಉದ್ದ ಗುಂಡಿ) ಮಾಡುವುದಿದ್ದರೆ ಇಳಿಜಾರು ಕಡಿಮೆ ಇರುವ ಕಡೆ ಮಾತ್ರ.

ಕ್ಯೂರಿಂಗ್ ಕೆಲಸದವ (ಕುಶಾಲನಗರ)

ಮಾರುಕಟ್ಟೆ ಕಡೆಯಿಂದ ಎರಡು ಮಾತು. ನಮ್ಮ ದೇಶದ ಕಾಫಿಯಲ್ಲಿ ಸುಮಾರು 70 ಪರ್ಸೆಂಟ್ ಹೊರದೇಶಕ್ಕೆ ಹೋಗುತ್ತದೆ. ಇಟಲಿ ನಮ್ಮ ದೊಡ್ಡ ಗಿರಾಕಿ. 2020 ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಬೇಡ ಅಂತ ಯುರೋಪ್ 2023ರಲ್ಲಿ ಕಾನೂನು ಮಾಡಿದೆ. ಜಾರಿಯ ದಿನಾಂಕ ಮುಂದಕ್ಕೆ ಹೋಗುತ್ತಾ ಇದೆ, ಆದರೆ ಕಾನೂನು ರದ್ದಾಗಿಲ್ಲ. ಪ್ರತಿ ತೋಟದ ಜಾಗವನ್ನು ನಕ್ಷೆಯಲ್ಲಿ ತೋರಿಸಬೇಕಾಗುತ್ತದೆ. ದಾಖಲೆ ಸರಿ ಮಾಡಿಟ್ಟುಕೊಳ್ಳಿ.

ಸಾವಯವ ಪ್ರಮಾಣಪತ್ರದ ಆಸೆಯಿಂದ ಮಾತ್ರ ಇದಕ್ಕೆ ಇಳಿಯಬೇಡಿ. ಕಾಫಿ ಥರದ ಬಹುವಾರ್ಷಿಕ ಬೆಳೆಗೆ ಮೂರು ವರ್ಷ ಪರಿವರ್ತನೆಯ ಕಾಲ. ಆ ಮೂರು ವರ್ಷ ನಿಯಮ ಪೂರ್ತಿ ಪಾಲಿಸಬೇಕು, ದರ ಮಾತ್ರ ಮಾಮೂಲಿ. ಒಬ್ಬರೇ ಮಾಡಿಸಿದರೆ ಖರ್ಚು ತಡೆಯುವುದಿಲ್ಲ. ಗುಂಪಾಗಿ ಮಾಡಿಸಬಹುದು. ಆದರೆ ಗುಂಪಿನಲ್ಲಿ ಒಬ್ಬ ತಪ್ಪಿದರೂ ಎಲ್ಲರಿಗೂ ಪೆಟ್ಟು.

ಹಾಲುವಾಣ

ಸರ್, ಒಳ್ಳೆಯ ಎಚ್ಚರಿಕೆ. ಅದಕ್ಕೇ ನಾನು ಪ್ರಮಾಣಪತ್ರದಿಂದ ಶುರು ಮಾಡಲಿಲ್ಲ. ಗೊಬ್ಬರ, ಔಷಧಿ, ನೀರಿನ ಖರ್ಚು ಇಳಿದರೆ ಅದೇ ಲಾಭ. ಮುಂದೆ ಹೆಚ್ಚಿನ ದರ ಸಿಕ್ಕರೆ ಸಿಗಲಿ.

ಮಕ್ಕಂದೂರಿನವರೇ, ಇಂಗುಗುಂಡಿ ವಿಷಯ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಭಾಗಮಂಡಲಕ್ಕೆ ಒಂದು ದಾರಿ, ಕುಶಾಲನಗರಕ್ಕೆ ಇನ್ನೊಂದು. ಜಿಲ್ಲೆಗೆಲ್ಲ ಒಂದೇ ಪಟ್ಟಿ ಅಂಟಿಸಿದರೆ ಕೆಲಸ ಕೆಡುತ್ತದೆ.

ಮಡಿಕೇರಿ ಹೊಸಬ

ನಾನು ಬೆಂಗಳೂರಿನ ಕೆಲಸ ಬಿಟ್ಟು ಅಪ್ಪನ ತೋಟಕ್ಕೆ ಬಂದಿದ್ದೇನೆ. ಜೀವಾಮೃತ ಹಾಕಿದರೆ ಗೊಬ್ಬರ ಬೇಡ ಅಂತ ವಿಡಿಯೋದಲ್ಲಿ ನೋಡಿದೆ. ನಿಜವಾ?

ಫಾರೆಸ್ಟ್ರಿ ವಿದ್ಯಾರ್ಥಿ

ಪೂರ್ತಿ ಅಲ್ಲ. 200 ಲೀಟರ್ ನೀರಿಗೆ 10 ಕೆಜಿ ಸಗಣಿ, ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಹಿಟ್ಟು, ಒಂದು ಹಿಡಿ ಮಣ್ಣು. 10 ಕೆಜಿ ಸಗಣಿಯಲ್ಲಿ ಎಷ್ಟು ಸಾರ ಇರುತ್ತದೆ ಅಂತ ಮೇಲಿನ ಲೆಕ್ಕದಲ್ಲೇ ನೋಡಿ. ಅದರಿಂದ ಮಣ್ಣಿಗೆ ಹೋಗುವುದು ಜೀವಾಣುಗಳು. ಕೊಳೆಯಲು ಎಲೆ, ಸೊಪ್ಪು ಇದ್ದರೆ ಅವು ಕೆಲಸ ಮಾಡುತ್ತವೆ. ಬರೀ ನೆಲಕ್ಕೆ ಸುರಿದರೆ ಪ್ರಯೋಜನ ಇಲ್ಲ. ಜೂನ್-ಜುಲೈ ಮಳೆಯಲ್ಲಿ ಹಾಕಿದರೆ ತೊಳೆದು ಹೋಗುತ್ತದೆ. ಸೆಪ್ಟೆಂಬರ್ ನಂತರ ಹಾಕಿ.

ಅದಕ್ಕೂ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ನಮ್ಮ ಮಳೆಗೆ ಸುಣ್ಣದ ಅಂಶ ತೊಳೆದು ಮಣ್ಣು ಹುಳಿ ಆಗುತ್ತದೆ. ಯೂರಿಯಾ ಅದನ್ನು ಇನ್ನೂ ಹುಳಿ ಮಾಡುತ್ತದೆ. ಪಿಎಚ್ 6ರ ಆಸುಪಾಸು ಇಲ್ಲದಿದ್ದರೆ ಹಾಕಿದ ಗೊಬ್ಬರವನ್ನೂ ಗಿಡ ಸರಿಯಾಗಿ ತೆಗೆದುಕೊಳ್ಳುವುದಿಲ್ಲ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ವಿಚಾರಿಸಿ. ಮೆಣಸಿನ ಸೊರಗು ರೋಗಕ್ಕಾದರೆ ಅಪ್ಪಂಗಳದ ಸಂಬಾರ ಬೆಳೆ ಸಂಶೋಧನಾ ಕೇಂದ್ರ. ಟ್ರೈಕೋಡರ್ಮಾ ಅನ್ನುವ, ರೋಗ ತಡೆಯುವ ಶಿಲೀಂಧ್ರವನ್ನು ಕೊಟ್ಟಿಗೆ ಗೊಬ್ಬರದ ಜೊತೆ ಬೆಳೆಸಿ ಬಳ್ಳಿಯ ಬುಡಕ್ಕೆ ಹಾಕುವುದನ್ನು ಹೇಳಿಕೊಡುತ್ತಾರೆ. ಬೋರ್ಡೋ ಜೊತೆಗೇ ಅದನ್ನು ಬುಡಕ್ಕೆ ಸುರಿಯಬೇಡಿ. ತಾಮ್ರ ಅದನ್ನು ಕೊಲ್ಲುತ್ತದೆ. ನಡುವೆ ಕೆಲವು ವಾರ ಅಂತರ ಇರಲಿ.

ಲೈನ್ ಮನೆ ಮಗಳು

ಕಾಯಿಕೊರಕಕ್ಕೂ ವಿಷ ಬೇಕಿಲ್ಲ ಅಂತ ಸೇರಿಸಿ. ಕೊಯ್ಲು ಮುಗಿದ ಮೇಲೆ ಗಿಡದಲ್ಲಿ, ನೆಲದಲ್ಲಿ ಉಳಿದ ಹಣ್ಣು ಪೂರ್ತಿ ಹೆಕ್ಕಿಸಿದರೆ ಹುಳ ಮುಂದಿನ ಫಸಲಿಗೆ ದಾಟುವುದು ತುಂಬಾ ಕಡಿಮೆ ಆಗುತ್ತದೆ. ಅದು ಹೆಂಗಸರ ಕೆಲಸ. ಅಮ್ಮ ಎಷ್ಟೋ ಸಲ ಮಾಡಿದ್ದಾರೆ. ಅದಕ್ಕೆ ಪೂರ್ತಿ ದಿನದ ಕೂಲಿ ಕೊಡಿ. ಅರ್ಧ ಕೂಲಿಯ ಕೆಲಸ ಅಂತ ನೋಡಬೇಡಿ.

ಶಾಂತಳ್ಳಿ ಬೆಳೆಗಾರ

ಈ ಮಾತು ಒಪ್ಪಿದೆ, ತಂಗಿ.

ಔಷಧಿ ಪೂರ್ತಿ ಬಿಡುವ ಧೈರ್ಯ ನನಗೆ ಈಗಲೂ ಇಲ್ಲ. ಅದನ್ನು ಒಪ್ಪಿಕೊಂಡೇ ಕೇಳುತ್ತಿದ್ದೇನೆ. ಹಾಲುವಾಣದ ಕೊಂಬೆ ಯಾವಾಗ ನೆಡಬೇಕು? ನಮ್ಮ ಕಡೆ ಹಿಂದೆ ನೆಡುತ್ತಿದ್ದರು. ಈಗ ಕೇಳೋಣ ಅಂದರೆ ಗೊತ್ತಿರುವವರಿಲ್ಲ.

ಹಾಲುವಾಣ

ಅಣ್ಣ, ಮುಂಗಾರು ಹಿಡಿದ ಕೂಡಲೇ ನೆಡಿ, ಜೂನ್‌ನಲ್ಲಿ. ಬಲಿತ ಕೊಂಬೆ, ಆಳೆತ್ತರ ಇರಲಿ. ಕಡಿದು ಒಂದೆರಡು ದಿನ ನೆರಳಿನಲ್ಲಿ ನಿಲ್ಲಿಸಿ ನೆಟ್ಟರೆ ಬುಡ ಕೊಳೆಯುವುದು ಕಡಿಮೆ. ಗುಂಡಿಯಲ್ಲಿ ನೀರು ನಿಲ್ಲಬಾರದು. ಮೊದಲ ಬೇಸಿಗೆಗೆ ದಕ್ಷಿಣ, ಪಶ್ಚಿಮದ ಬಿಸಿಲು ಕಾಂಡಕ್ಕೆ ಬೀಳದಂತೆ ಸೊಪ್ಪು ಕಟ್ಟಿ, ಇಲ್ಲವೇ ಸುಣ್ಣ ಬಳಿಯಿರಿ. ಎಲೆಯಲ್ಲಿ, ದಂಟಿನಲ್ಲಿ ಗಂಟು ಇರುವ ಮರದಿಂದ ಕೊಂಬೆ ತೆಗೆಯಬೇಡಿ. ತುಡುವೆಯವರು ಹೇಳಿದ ಕಣಜ ಅದರ ಜೊತೆಗೇ ಬರುತ್ತದೆ.

ನಮ್ಮಲ್ಲಿ ಗಂಟಿಲ್ಲದ ಮರಗಳಿವೆ. ಮೇ ಕೊನೆಗೆ ಮರಗಸಿ ಮಾಡುತ್ತೇವೆ. ಆಗ ಪಿಕಪ್ ತಂದರೆ ಕೊಂಬೆ ಕೊಡುತ್ತೇನೆ. ಬೇಕಾದವರು ಈಗಲೇ ಇಲ್ಲಿ ಬರೆದಿಡಿ. ಎಷ್ಟು ಕಡಿಯಬೇಕು ಅಂತ ನನಗೂ ಗೊತ್ತಾಗುತ್ತದೆ.

ಸಿದ್ದಾಪುರದಿಂದ

ನನಗೂ ಬೇಕು ಅಕ್ಕ. ಐವತ್ತು ಸಾಕು.